ಹೆರನ್ ದ್ವೀಪದಲ್ಲೊಂದು ಮಹಜರು

ಮೊದಲೇ ಹೇಳಿಬಿಡ್ತೀನಿ, ತಪ್ಪು ನನ್ನದೇ. ಮನೇಲಿ ಎಲ್ಲರಿಗೂ ಮೊದಲ ದಿನವೇ ಗೊತ್ತಾಗಿದ್ದ ಸಂಗತಿ ನನ್ನ ತಲೆಗೆ ಹೋಗೋಕೆ ಎರಡು ತಿಂಗಳು ಹಿಡೀತು, ಅಷ್ಟೇ. ನನ್ನ ಹೆಂಡತಿ ಭದ್ರಮ್ಮನನ್ನ ಕೇಳಿದ್ರೆ ಎರಡು ತಿಂಗಳಲ್ಲ, ನಲವತ್ತು ವರ್ಷ ಅಂತಾಳೆ. ಅವಳ ಮಾತು ಬಿಡಿ.

ನಾನು ಶಿವಪ್ರಕಾಶ್. ಅಬಕಾರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರ್ವೀಸು ಮಾಡಿ, ಹಾಸನ, ಅರಸೀಕೆರೆ, ಸಕಲೇಶಪುರ ಅಂತ ಸುತ್ತಿ, ಇನ್‌ಸ್ಪೆಕ್ಟರಾಗಿ ರಿಟೈರಾದವನು. ಬಾಟ್ಲಿ ಮೇಲೆ ಅಚ್ಚಾಗಿರೋ ರೇಟಿಗಿಂತ ಒಂದು ರೂಪಾಯಿ ಜಾಸ್ತಿ ಕಿತ್ತ ಅಂಗಡಿಯವನನ್ನೂ ನಾನು ಬಿಟ್ಟವನಲ್ಲ. ಹಾಕಿದ ಕೇಸು ಒಂದನ್ನೂ ವಾಪಸ್ ತಗೊಂಡಿಲ್ಲ. ಮಂತ್ರಿ ಕಡೆಯಿಂದ ಫೋನು ಬಂದರೂ ತಗೊಂಡಿಲ್ಲ. ನನ್ನನ್ನ ಸಕಲೇಶಪುರಕ್ಕೆ ಎತ್ತಿ ಹಾಕಿದ್ದೇ ಅದಕ್ಕೆ.

ಈಗ ನಾವಿಬ್ಬರೂ ಇರೋದು ಮಗಳು ಕಾವ್ಯಾ ಜೊತೆ, ಹೆರನ್ ದ್ವೀಪದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರದ ಮೂಲೆ, ಎಪ್ಪತ್ತೆರಡು ಮನೆ, ಸೇತುವೆ ಇಲ್ಲ, ಕಾರಿಲ್ಲ. ಎಲ್ಲರೂ ಗಾಲ್ಫ್ ಗಾಡೀಲಿ ಓಡಾಡ್ತಾರೆ. ಫೆರ್ರಿ ಬೆಳಿಗ್ಗೆ ಒಂದು, ಸಂಜೆ ಒಂದು. ಅಳಿಯ ಸಾಗರ್ ಬೆಳಗಿನದರಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಹೋಗಿ ಸಂಜೆಯದರಲ್ಲಿ ವಾಪಸ್ ಬರ್ತಾನೆ. ಕಾವ್ಯಾ ಸಾಂಟಾ ಕ್ಲಾರಾದ ಚಿಪ್ ಕಂಪನಿ ಕೆಲಸ ಬಿಟ್ಟು, ದ್ವೀಪಕ್ಕೆಲ್ಲ ಒಂದೇ ಒಂದಾದ ಅಂಗಡಿ ನಡೆಸ್ತಾಳೆ. ಹಾಲು, ಬ್ರೆಡ್ಡು, ಬಲ್ಬು, ಬಿಯರು, ಎಲ್ಲ ಅಲ್ಲೇ. ಮೀಟಿಂಗು ಮೀಟಿಂಗು ಅಂತ ಮುಖ ಸಪ್ಪೆ ಮಾಡ್ಕೊಂಡಿರ್ತಿದ್ದ ಹುಡುಗಿ ಈ ಅಂಗಡಿಗೆ ಬಂದ ಮೇಲೆ ಕೆಲಸ ಮಾಡ್ತಾ ಹಾಡು ಗುನುಗೋಕೆ ಶುರು ಮಾಡಿದ್ಲು. ಅದನ್ನ ಕೇಳೋಕೇ ನಾನು ದಿನಾ ಬೆಳಿಗ್ಗೆ ಅಲ್ಲಿ ಹೋಗಿ ಕೂತ್ಕೋತಿದ್ದೆ.

ಎಲ್ಲ ಶುರುವಾಗಿದ್ದು ಜುಲೈ ನಾಲ್ಕಕ್ಕೆ. ವಾಲ್ಟ್ ಅಂತ ಒಬ್ಬ ಇದ್ದಾನೆ, ಎಪ್ಪತ್ತನಾಲ್ಕು ವರ್ಷದ ಮುದುಕ, ಹಿಂದೆ ಟಗ್ ದೋಣಿ ಓಡಿಸ್ತಿದ್ದವನು. ಅವತ್ತು ಕಂಠಪೂರ್ತಿ ಕುಡಿದು ಗಾಲ್ಫ್ ಗಾಡೀನ ಸೀದಾ ದ್ವೀಪದವರ ತರಕಾರಿ ತೋಟಕ್ಕೆ ನುಗ್ಗಿಸಿ, ಬೇಲಿ ಮುರಿದು, ಟೊಮೇಟೊ ಗಿಡದ ಮಧ್ಯೆ ನಿದ್ದೆ ಹೋದ. ಯಾರಿಗೂ ಏಟಾಗಲಿಲ್ಲ. ಆದರೆ ಒಂದು ಮಗು ಅಲ್ಲೇ ಹತ್ತಡಿ ದೂರದಲ್ಲಿ ಆಡ್ತಿತ್ತು. ಊರಿಗೆ ಊರೇ ಬೆಚ್ಚಿಬಿತ್ತು.

ನಿವಾಸಿಗಳ ಸಂಘದ ಅಧ್ಯಕ್ಷೆ ಡಯಾನ್ ಮೀಟಿಂಗ್ ಕರೆದಳು. ಉದ್ದ ಕತ್ತಿನ, ಶಿಸ್ತಿನ ಹೆಂಗಸು, ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು. ಸ್ಕಾಟ್ಲೆಂಡಿಗೆ ಟೂರು ಹೋಗಿ ಬಂದಿದ್ದಳು. ಅಲ್ಲಿ ಮದ್ಯವನ್ನ ಇಂತಿಷ್ಟಕ್ಕಿಂತ ಕಮ್ಮಿ ಬೆಲೆಗೆ ಮಾರೋ ಹಾಗಿಲ್ಲವಂತೆ, ಕಾನೂನಂತೆ. ಕಾವ್ಯಾಳ ಅಂಗಡಿ ಕಟ್ಟಡ ಸಂಘದ್ದು. ಲೀಸಿನಲ್ಲಿ ಒಂದು ಷರತ್ತು ಸೇರಿಸಿದ್ರೆ ಇಲ್ಲೂ ಹಂಗೇ ಮಾಡಬಹುದು ಅಂದ್ಲು. ಆಮೇಲೆ ಮೀಟಿಂಗ್ ಹಾಲಿನ ಆ ಮೂಲೆಯಿಂದ ನನ್ನ ಕಡೆ ತಿರುಗಿ, "ನಮ್ಮಲ್ಲೇ ಒಬ್ಬ ಎಕ್ಸ್‌ಪರ್ಟ್ ಇದ್ದಾರೆ. ಮಿಸ್ಟರ್ ಪ್ರಕಾಶ್, ನಿಮ್ಮ ಅಭಿಪ್ರಾಯ?" ಅಂದ್ಲು.

ಆರು ವರ್ಷ ಆಗಿತ್ತು ಸ್ವಾಮಿ, ಯಾರಾದ್ರೂ ನನ್ನ ಅಭಿಪ್ರಾಯ ಕೇಳಿ. ಎದ್ದು ನಿಂತೆ. ಕಾವ್ಯಾ ಪಕ್ಕದಲ್ಲಿ ಕೂತು ಅಂಗಿ ತುದಿ ಹಿಡಿದು ಎಳೆದಳು. "ಅಪ್ಪ, ಕೂತ್ಕೊಳ್ಳಿ. ಅಪ್ಪ, ಪ್ಲೀಸ್." ನಾನು ಕೂರಲಿಲ್ಲ. ನಲವತ್ತು ನಿಮಿಷ ಮಾತಾಡಿದೆ. ಸಾರಾಯಿ ಕಾಲದಿಂದ ಶುರು ಮಾಡಿ, ಸೀಲು, ಪರ್ಮಿಟ್ಟು, ರೈಡು, ಎಲ್ಲ ಹೇಳಿ, ಬೆಲೆ ಏರಿದ್ರೆ ಕುಡುಕ ತಾನೇ ದಾರಿಗೆ ಬರ್ತಾನೆ ಅಂತ ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು. ಕಿಟಕಿ ಹತ್ತಿರ ವಾಲ್ಟ್ ತಲೆ ತಗ್ಗಿಸಿ ಕೂತಿದ್ದ. ಅವನನ್ನ ಯಾರೂ ಏನೂ ಕೇಳಲಿಲ್ಲ. ಷರತ್ತು ಪಾಸಾಯ್ತು, ನನ್ನನ್ನ ಸಂಘದ 'ವೀಕ್ಷಕ' ಅಂತ ನೇಮಿಸಿದರು.

ಮನೆಗೆ ಬರೋ ದಾರೀಲಿ ಕಾವ್ಯಾ ಬಾಯಿ ಬಿಟ್ಟಳು. "ಅಪ್ಪ, ನನ್ನ ಅಂಗಡಿ ಹೋಗುತ್ತೆ. ಅಕ್ಟೋಬರ್ ಕೊನೇಲಿ ಲೀಸು ಮುಗಿಯುತ್ತೆ, ಅಲ್ಲೀತನಕ ಓಡಿದ್ರೆ ಹೆಚ್ಚು."

"ಹುಚ್ಚು ಹುಡುಗಿ. ಬೆಲೆ ಜಾಸ್ತಿ ಅಂದ್ರೆ ನಿನಗೆ ಲಾಭ ಜಾಸ್ತಿ ಅಲ್ವಾ? ನಾನು ನೋಡದೇ ಇರೋ ಅಂಗಡೀನಾ?"

"ನೀವು ನೋಡಿದ್ದು ಹೊರಗಡೆಯಿಂದ," ಅಂದ್ಲು. ಅವತ್ತಿಂದ ನನ್ನನ್ನ ಅಪ್ಪ ಅಂತ ಕರೆಯೋದೇ ನಿಂತುಹೋಯ್ತು. ಏನಾದ್ರೂ ಬೇಕಿದ್ರೆ ಅವರಮ್ಮನ ಹತ್ತಿರ "ಅವರಿಗೆ ಊಟಕ್ಕೆ ಹಾಕಮ್ಮ" ಅಂತಿದ್ಲು. ನನಗೂ ಹಟ. ಸರಿ ಹೋಗುತ್ತೆ ಬಿಡು ಅಂತ ಸುಮ್ಮನಿದ್ದೆ.

ಸರಿ ಹೋಗಲಿಲ್ಲ. ಆಗಸ್ಟ್ ಮೊದಲ ವಾರ ಬಿಯರ್ ಕೊಳ್ಳೋರು ಕಮ್ಮಿ ಆದರು, ಸರಿ, ಅದೇ ತಾನೇ ನಮ್ಮ ಉದ್ದೇಶ ಅಂದ್ಕೊಂಡೆ. ಎರಡನೇ ವಾರ ಹಾಲು ಉಳೀತು. ಮೂರನೇ ವಾರ ಬ್ರೆಡ್ಡು ಬೂಸ್ಟು ಹಿಡೀತು. ಅಂಗಡಿಗೆ ಸಾಮಾನು ತರೋನು ಕಲೀಮ್, ಮೈಸೂರು ಮಂಡಿ ಮೊಹಲ್ಲಾದವನು, ಸರಕಿನ ದೋಣೀಲಿ ವಾರಕ್ಕೆ ಎರಡು ಸಲ ಬರ್ತಿದ್ದ. ಅವನು ವಾರಕ್ಕೆ ಒಂದು ಸಲ ಮಾಡಿದ, ಆಮೇಲೆ ಹದಿನೈದು ದಿನಕ್ಕೊಂದು. "ಏನ್ ಮಾಡ್ಲಿ ಸಾರ್, ಅರ್ಧ ದೋಣಿ ಖಾಲಿ ಬರ್ತೈತೆ, ಡೀಸೆಲ್ಲಿಗೂ ಸಾಲಲ್ಲ," ಅಂದ. ಕಾವ್ಯಾ ಹಾಡೋದು ನಿಲ್ಲಿಸಿದ್ಲು. ದೋಣಿ ಇಲ್ಲದ ಮನೆಯವರು, ಮುಖ್ಯವಾಗಿ ವಾಕರ್ ಹಿಡಿದು ಬರೋ ಎಲನ್ ಅಜ್ಜಿ, ಅರ್ಧ ಖಾಲಿ ಕಪಾಟು ನೋಡಿ "ಇಟ್ಸ್ ಓಕೆ ಹನಿ" ಅಂತ ವಾಪಸ್ ಹೋಗ್ತಿದ್ದರು.

ಆದರೂ ನನ್ನ ತಪ್ಪು ಅಂತ ಅನ್ನಿಸಿತೋ? ಇಲ್ಲ. ಇಲಾಖೆ ಬುದ್ಧಿ ನೋಡಿ! ನನಗೆ ಹೊಳೆದಿದ್ದು ಒಂದೇ: ಕಳ್ಳಸಾಗಣೆ. ಯಾರೋ ಆಚೆ ದಡದಿಂದ ಅಗ್ಗದ ಮಾಲು ತರ್ತಿದ್ದಾರೆ, ಅವರನ್ನ ಹಿಡಿದುಬಿಟ್ರೆ ಮಗಳ ಅಂಗಡಿ ಉಳಿಯುತ್ತೆ. ಯಾರು ಅಂತ ಕೇಳಬೇಕಾ? ಶನಿವಾರ ಶನಿವಾರ ವಾಲ್ಟನ ದೋಣಿ ಖಾಲಿ ಹೋಗಿ ತುಂಬಿ ಬರ್ತಿತ್ತು.

ಸೆಪ್ಟೆಂಬರ್ ಎರಡನೇ ಶನಿವಾರ ದೋಣಿ ಕಟ್ಟೆ ಮೇಲೆ ಚೆಕ್‌ಪೋಸ್ಟ್ ಹಾಕಿದೆ. ಪ್ಲಾಸ್ಟಿಕ್ ಕುರ್ಚಿ, ಭದ್ರಮ್ಮನ ಹೂವಿನ ಛತ್ರಿ, ಒಂದು ನೋಟ್‌ಬುಕ್ಕು, ಸೀಲು ಮಾಡೋಕೆ ಕೆಂಪು ಮೇಣದ ಬತ್ತಿ, ಒತ್ತೋಕೆ ಹಳೇ ಎಂಟಾಣೆ ನಾಣ್ಯ. ಜಾಕೆಟ್ಟು ಹಾಕಿ ಬೆಲ್ಟು ಬಿಗಿದು ಕೂತೆ. ಮಂಜು ಕರಗಿ ಹನ್ನೊಂದರ ಹೊತ್ತಿಗೆ ವಾಲ್ಟನ ದೋಣಿ ಬಂತು. ಎದ್ದು ಕೈ ಅಡ್ಡ ಹಿಡಿದೆ.

ವಾಲ್ಟ್ ಎಂಜಿನ್ ಆಫ್ ಮಾಡಿ ಟೋಪಿ ಹಿಂದಕ್ಕೆ ತಳ್ಳಿದ. "ಏನು ಶಿವಾ, ನಾನು ಅರೆಸ್ಟಾ?"

"ಸದ್ಯಕ್ಕಿಲ್ಲ. ಮೊದಲು ತಪಾಸಣೆ."

"ಮಾಡಪ್ಪಾ. ಆದ್ರೆ ಬೇಗ, ಐಸ್‌ಕ್ರೀಮ್ ಇದೆ."

ಹತ್ತಿರ ಹೋಗಿ ಅವನ ಬಾಯಿ ವಾಸನೆ ನೋಡಿದೆ. ಮೂವತ್ತೊಂದು ವರ್ಷ ಪಳಗಿದ ಮೂಗು ನನ್ನದು, ಮೋಸ ಹೋಗಲ್ಲ. ವಾಸನೆ ಇರಲಿಲ್ಲ. ಕಾಫಿ, ಅಷ್ಟೇ. ವಿಚಿತ್ರ ಅನ್ನಿಸಿತು, ಆದರೆ ಆಗ ಅದರ ಬಗ್ಗೆ ಯೋಚಿಸೋ ಪುರಸೊತ್ತಿರಲಿಲ್ಲ.

ಜಪ್ತಿ ಅಂದ ಮೇಲೆ ಮಹಜರು ಬೇಕು. ಸಿಕ್ಕಿದ ಮಾಲು ಒಂದೊಂದನ್ನೂ ಇಬ್ಬರು ಪಂಚರ ಮುಂದೆ ಬರೆದು, ಅವರ ಸಹಿ ಹಾಕಿಸಬೇಕು. ಅದಿಲ್ಲದೆ ಯಾವ ಕೇಸೂ ನಿಲ್ಲಲ್ಲ. ಒಬ್ಬ ಪಂಚ ಅಲ್ಲೇ ಪೆಟ್ಟಿಗೆ ಇಳಿಸ್ತಿದ್ದ ಕಲೀಮ್. ಇನ್ನೊಬ್ಬನಾಗಿ, ಅವತ್ತು ರಜಾ ಅಂತ ಗಾಳ ಹಾಕ್ಕೊಂಡು ಕೂತಿದ್ದ ಅಳಿಯನನ್ನೇ ಕರೆದೆ. ಸಾಗರ್ ಮುಖ ಮುಚ್ಕೊಂಡು ಬಂದು ನಿಂತ.

"ನಂಗ್ಯಾಕ್ ಸಾರ್ ಈ ಉಸಾಬರಿ?" ಅಂತ ಕಲೀಮ್ ಗೋಗರೆದ. "ಎಲ್ಲಿ ಹಾಕ್ಬೇಕು ಹೇಳಿ, ಸೈನ್ ಹಾಕ್ಬಿಟ್ ಹೋಗ್ತೀನಿ."

"ಓದದೆ ಸಹಿ ಹಾಕ್ತೀಯೇನಯ್ಯಾ? ನನ್ನ ಸರ್ವೀಸಲ್ಲೇ ಒಬ್ಬನೂ ಓದದೆ ಸಹಿ ಹಾಕಿದ್ದಿಲ್ಲ. ನಿಂತ್ಕೋ, ನೋಡು, ಪೂರ್ತಿ ಓದು, ಆಮೇಲೆ ಹಾಕು."

ದೋಣಿಗಿಳಿದೆ. ಪ್ರತಿ ಚೀಲಕ್ಕೂ ಟೇಪಿನ ಮೇಲೆ ಹೆಸರು ಬರೆದು ಅಂಟಿಸಿದ್ದ ವಾಲ್ಟ್. ಐಟಂ ನಂಬರ್ ಒಂದು, ಬಿಯರ್ ಪೆಟ್ಟಿಗೆ, ಮೂರು. ಎರಡು, ವೋಡ್ಕಾ, ದೊಡ್ಡ ಪ್ಲಾಸ್ಟಿಕ್ ಬಾಟ್ಲಿ, ಒಂದು. "ಅದು ನಂದು," ಅಂದ ವಾಲ್ಟ್. ಸಿಕ್ಕಿಬಿದ್ದ ಅಂತ ಖುಷಿಯಿಂದ ಬರ್ಕೊಂಡು, ಮೇಣ ಕರಗಿಸಿ ಮುಚ್ಚಳದ ಮೇಲೆ ಸುರಿದು ಎಂಟಾಣೆ ಒತ್ತಿದೆ. ಮುಂದಿನ ಟಾರ್ಪಾಲು ಎತ್ತಿದೆ. ಹಾಲಿನ ಕ್ಯಾನು, ಒಂಬತ್ತು. ಮೊಟ್ಟೆ. ಬ್ರೆಡ್ಡು. ಮಗುವಿನ ಡೈಪರು. ನಾಯಿ ಊಟ, ದೊಡ್ಡ ಮೂಟೆ. ಬಲ್ಬು. ಐಸ್‌ಕ್ರೀಮು. ಬರೀತಾ ಬರೀತಾ ನನ್ನ ಕೈ ನಿಧಾನ ಆಯ್ತು. ಎರಡು ಐಟಮ್ಮು ಬಿಟ್ರೆ ಉಳಿದಿದ್ದೆಲ್ಲ ಬರೀ ಸಂಸಾರ.

"ಇಷ್ಟೆಲ್ಲ ಯಾಕೆ ತರ್ತೀಯಾ?" ಅಂದೆ.

"ಶುರುವಾಗಿದ್ದು ಬಿಯರಿಂದ. ಇಲ್ಲಿ ದುಬಾರಿ ಆಯ್ತಲ್ಲ, ಒಂದಿಬ್ಬರು ತಂದುಕೊಡು ಅಂದ್ರು. ಆಮೇಲೆ ಹೇಗೂ ಹೋಗ್ತಿದ್ದೀಯಲ್ಲ, ಒಂದು ಹಾಲು ತಗೊಂಡ್ ಬಾ ಅಂದ್ರು. ಹೇಗೂ ಹೋಗ್ತಿದ್ದೀಯಲ್ಲ, ಮೊಟ್ಟೆ ತಗೊಂಡ್ ಬಾ. ಹೇಗೂ ಹೋಗ್ತಿದ್ದೀಯಲ್ಲ, ಡೈಪರು. ನಾನು ಇಲ್ಲ ಅನ್ನಲಿಲ್ಲ." ದೋಣಿ ಹಗ್ಗ ಕಟ್ಟೆಗೆ ಬಿಗೀತಾ, "ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿ ಬಹಳ ವರ್ಷ ಆಗಿತ್ತು," ಅಂದ.

ಆ ಮಾತು ನನಗೆ ಚುರುಕ್ ಅಂತು. ಅದನ್ನ ತೋರಿಸ್ಕೊಳ್ಳಬಾರದು ಅಂತ ಗಡಿಬಿಡೀಲಿ ಕೊನೇ ಚೀಲ ಎತ್ತಿದೆ. ಒಳಗಡೆ ಎರಡು ಪ್ಯಾಕೆಟ್ಟು ರಾಗಿ ಹಿಟ್ಟು, ಒಂದು ಕಂತೆ ಕರಿಬೇವು. ಟೇಪಿನ ಮೇಲೆ ವಾಲ್ಟನ ಸೊಟ್ಟ ಅಕ್ಷರದಲ್ಲಿ ಹೆಸರು: ಬಡ್ರಾ.

ಸಾಗರ್ ನೀರಿನ ಕಡೆ ತಿರುಗಿ ಕೆಮ್ಮೋಕೆ ಶುರು ಮಾಡಿದ. ಕಲೀಮ್, "ಐಟಂ ನಂಬರ್ ಹತ್ತು, ಬರ್ಕೊಳ್ಳಿ ಸಾರ್," ಅಂದ.

ಬರ್ಕೊಂಡೆ. ಸ್ವಾಮಿ, ಬಿಡೋಕಾಗುತ್ತಾ? ಇಬ್ಬರು ಪಂಚರು ನೋಡಿದ್ದಾರೆ.

ವೋಡ್ಕಾ ಬಾಟ್ಲಿ ಮಾತ್ರ ಇಟ್ಕೊಂಡು, ಐಸ್‌ಕ್ರೀಮ್ ಕರಗುತ್ತೆ ಅಂತ ಉಳಿದಿದ್ದೆಲ್ಲ ಬಿಟ್ಟುಕೊಟ್ಟೆ. ರಾಗಿ ಚೀಲ ಹಿಡ್ಕೊಂಡು ಮನೆಗೆ ಹೋದೆ. "ಲೇ ಭದ್ರಾ, ಏನಿದು?"

ಅವಳು ಒಲೆ ಮುಂದಿಂದ ಅಲುಗಾಡಲಿಲ್ಲ. "ಕಣ್ಣು ಕಾಣಲ್ವಾ? ರಾಗಿ ಹಿಟ್ಟು."

"ಕಳ್ಳದೋಣೀಲಿ ತರಿಸ್ತೀಯಾ? ಒಬ್ಬ ಅಬಕಾರಿ ಇನ್‌ಸ್ಪೆಕ್ಟರ್ ಹೆಂಡ್ತಿ?"

"ಮತ್ತಿನ್ನೇನ್ರೀ ಮಾಡ್ಲಿ? ಮೊದಲು ಕಲೀಮ್ ತರ್ತಿದ್ದ. ನೀವು ಭಾಷಣ ಬಿಗಿದು ಅವನು ಬರೋದೇ ಅಪರೂಪ ಮಾಡಿದ್ರಿ. ಹಿಟ್ಟಿಲ್ಲ ಅಂತ ಕಾವ್ಯಾಗೆ ಹೇಳಿದ್ರೆ ಅದು ಇನ್ನಷ್ಟು ನೊಂದ್ಕೊಳ್ಳುತ್ತೆ. ನಿಮಗೋ, ಮಧ್ಯಾಹ್ನ ಮುದ್ದೆ ಇಲ್ಲ ಅಂದ್ರೆ ತಲೆ ಕೆಡುತ್ತೆ. ಮೂರು ವಾರದಿಂದ ಬೆಣ್ಣೆ ಹಾಗೆ ನುಂಗಿದ್ರಲ್ಲ, ಅದೆಲ್ಲ ಎಲ್ಲಿಂದ ಬಂತು ಅಂದ್ಕೊಂಡ್ರಿ?"

ಮೂರು ವಾರ ನಾನು ತಿಂದಿದ್ದು ಕಳ್ಳಮಾಲು. ಕೂತುಬಿಟ್ಟೆ.

ಅಷ್ಟು ಹೊತ್ತಿಗೆ ಕಾವ್ಯಾ ಬಂದಳು. ಊರೆಲ್ಲ ಸುದ್ದಿ ಆಗಿತ್ತು ಅಂತ ಬೇರೆ ಹೇಳಬೇಕಾ? ರೇಗ್ತಾಳೆ ಅಂದ್ಕೊಂಡೆ. ರೇಗಿದ್ರೆ ಚೆನ್ನಾಗಿರ್ತಿತ್ತು. ಮೇಜಿನ ಮೇಲಿದ್ದ ಮಹಜರು ಎತ್ಕೊಂಡು ಮೇಲಿಂದ ಕೆಳಗೆ ಓದಿದಳು. ಓದಿ, ಮಡಚಿ, ನನ್ನ ಮುಂದಿಟ್ಟಳು.

"ಇದು ನನ್ನ ಅಂಗಡಿ," ಅಂದ್ಲು. "ಹಾಲು, ಮೊಟ್ಟೆ, ಬ್ರೆಡ್ಡು, ಡೈಪರ್. ಜನ ಬಿಯರ್ ತಗೊಳ್ಳೋಕೆ ಬಂದಾಗಲೇ ಇದೆಲ್ಲ ತಗೋತಿದ್ರು. ಬಿಯರಿಗೆ ಆಚೆ ಹೋದ್ರು, ಇದೂ ಅವರ ಜೊತೆ ಹೋಯ್ತು. ಇದನ್ನೇ ಅವತ್ತು ಎದ್ದು ನಿಂತು ಹೇಳಬೇಕು ಅಂತಿದ್ದೆ. ನೀವು ಎದ್ದುಬಿಟ್ರಿ." ಕಣ್ಣು ಒರೆಸ್ಕೊಂಡು, "ಲೀಸು ರಿನ್ಯೂ ಮಾಡಲ್ಲ ಅಂತ ಡಯಾನ್‌ಗೆ ನಾಡಿದ್ದು ಮೀಟಿಂಗಲ್ಲಿ ಹೇಳ್ತೀನಿ. ದ್ವೀಪ ಬಿಟ್ಟು ಎವರ್‌ಗ್ರೀನ್ ಕಡೆ ಮನೆ ನೋಡಬೇಕು," ಅಂತ ಒಳಗೆ ಹೋದಳು.

ನನ್ನ ಎದೆ ಒಡೆದುಹೋಯ್ತು. ಅದಕ್ಕಿಂತ ಬೇರೆ ಥರ ಹೇಳೋಕೆ ನನಗೆ ಬರಲ್ಲ. ನಲವತ್ತು ನಿಮಿಷ ಮೆರೆಯೋಕೆ ಹೋಗಿ ಮಗಳ ಹಾಡು ಕಿತ್ಕೊಂಡಿದ್ದೆ. ಹಾಸನದಲ್ಲಿ ಯಾರೋ ಅಂಗಡಿಯವನು ಹೆಂಡತಿ ಮಕ್ಕಳ ಜೊತೆ ನನ್ನ ಜೀಪಿನ ಮುಂದೆ ನಿಂತಾಗ ಕಾನೂನು ಕಾನೂನೇ ಕಣಯ್ಯಾ ಅಂದಿದ್ದೆ. ಆ ಮಾತೂ ನೆನಪಾಯ್ತು, ಮುದ್ದೆ ತಟ್ಟೆ ಪಕ್ಕಕ್ಕೆ ಸರಿಸಿದೆ.

ಸೋಮವಾರ ಸಂಜೆ ಮೀಟಿಂಗು. ಕಾವ್ಯಾ ಏಳೋ ಮೊದಲೇ ನಾನೆದ್ದೆ. ಅವಳು ಅಂಗಿ ಎಳೆಯೋಕೂ ಹೋಗಲಿಲ್ಲ, ಅಷ್ಟು ಸೋತಿದ್ದಳು. ಡಯಾನ್, "ಮಿಸ್ಟರ್ ಪ್ರಕಾಶ್, ವರದಿ ಕೊಡ್ತೀರಾ? ಐದು ನಿಮಿಷ ಸಾಕು," ಅಂದ್ಲು. ಹಿಂದಿನ ಸಲದ್ದು ನೆನಪಿತ್ತು ಅಂತ ಕಾಣುತ್ತೆ.

ಮಹಜರು ತೆಗೆದೆ. ಕನ್ನಡದಲ್ಲಿ ಬರೆದದ್ದನ್ನ ಇಂಗ್ಲಿಷಿಗೆ ತಿರುಗಿಸ್ತಾ ಒಂದೊಂದೇ ಐಟಮ್ಮು, ಹೆಸರಿನ ಸಮೇತ ಓದಿದೆ. ಐಟಂ ನಂಬರ್ ಮೂರು, ಹಾಲು, ಒಂಬತ್ತು ಕ್ಯಾನು, ಒಂಬತ್ತು ಮನೆ. ಹೆಸರು ಬಂದವರೆಲ್ಲ ನೆಲ ನೋಡೋಕೆ ಶುರು ಮಾಡಿದರು. "ಏಳು. ನಾಯಿ ಊಟ, ದೊಡ್ಡ ಮೂಟೆ, ಒಂದು. ಟೇಪಿನ ಮೇಲಿರೋ ಹೆಸರು: ಡಯಾನ್."

ಇಡೀ ಸಭೆ ಗೊಳ್ ಅಂತ ನಕ್ಕಿತು. ಡಯಾನ್ ಕತ್ತು ಕೆಂಪಾಯ್ತು. "ಅದು... ವಾಲ್ಟ್ ಹೇಗೂ ಹೋಗ್ತಿದ್ದನಲ್ಲ," ಅಂದ್ಲು.

"ಅದೇ," ಅಂದೆ. "ಎಲ್ಲರೂ ಹೇಳಿದ್ದು ಅದೇ. ಐಟಂ ನಂಬರ್ ಹತ್ತು, ರಾಗಿ ಹಿಟ್ಟು. ನನ್ನ ಹೆಂಡತಿ. ತಿಂದವನು ನಾನು." ಮತ್ತೆ ನಗು. ನಾನು ನಗಲಿಲ್ಲ. "ನನ್ನ ಮಗಳು ಅಂಗಡಿ ಮುಚ್ಚಬೇಕು ಅಂತಿದ್ದಾಳೆ. ಮುಚ್ಚಿದ್ರೆ ದೋಣಿ ಇರೋರಿಗೆ ಏನೂ ಆಗಲ್ಲ. ಎಲನ್ ಅಜ್ಜಿಗೆ ಹಾಲಿರಲ್ಲ. ಈ ಷರತ್ತಿಗೆ ಮೇಜು ಗುದ್ದಿದವನು ನಾನು. ಊರಲ್ಲಿ ಮೂವತ್ತೊಂದು ವರ್ಷ ಹಾಕಿದ ಕೇಸು ಒಂದನ್ನೂ ವಾಪಸ್ ತಗೊಂಡಿಲ್ಲ. ಇದನ್ನ ವಾಪಸ್ ತಗೋತೀನಿ. ತಪ್ಪಾಯ್ತು." ಕಾವ್ಯಾ ಕಡೆ ನೋಡಿ ಕನ್ನಡದಲ್ಲಿ ಇನ್ನೊಂದು ಸಲ ಹೇಳಿದೆ, "ತಪ್ಪಾಯ್ತು ಕಣಮ್ಮಾ."

ಡಯಾನ್ ಅಷ್ಟು ಸುಲಭಕ್ಕೆ ಬಗ್ಗೋಳಲ್ಲ. "ಮತ್ತೆ ಜುಲೈ ನಾಲ್ಕು? ಆ ಮಗು?" ಅಂದ್ಲು. ಅದೂ ನ್ಯಾಯವಾದ ಪ್ರಶ್ನೇನೆ.

ಆಗ ಕಿಟಕಿ ಹತ್ತಿರದಿಂದ ವಾಲ್ಟ್ ಎದ್ದ. "ಇದೆಲ್ಲ ಮಾಡಿದ್ದು ನನಗೋಸ್ಕರ ಅಂತ ನನಗೂ ಗೊತ್ತು. ಇವತ್ತಾದ್ರೂ ನನ್ನನ್ನ ಕೇಳಿ. ಬಿಯರ್ ಬಿಟ್ಟುಬಿಡಿ. ಆ ದೊಡ್ಡ ಪ್ಲಾಸ್ಟಿಕ್ ಬಾಟ್ಲಿ ಮಾತ್ರ ದುಬಾರೀನೇ ಇರಲಿ. ಅದು ಅಗ್ಗಕ್ಕೆ ಸಿಕ್ಕಿದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ." ಟೋಪಿ ತೆಗೆದು ಕೈಯಲ್ಲಿ ತಿರುವಿದ. "ಆದ್ರೆ ನಾನು ಕುಡಿಯೋದು ಕಮ್ಮಿ ಆಗಿದ್ದು ಬೆಲೆಯಿಂದಲ್ಲ. ಜನರ ಹಾಲು ಹೊತ್ತ ದೋಣೀನ ಕುಡಿದು ಓಡಿಸೋಕಾಗುತ್ತಾ? ಕಾವ್ಯಾ, ನಿನ್ನ ಅಂಗಡಿಗೆ ಒಂದು ದೋಣಿ ಬೇಕಾ? ಬೇಕಾದ ಸಾಮಾನಿನ ಚೀಟಿ ಎಲ್ಲರೂ ನಿನಗೇ ಕೊಡಲಿ. ನಾನು ಹೇಗೂ ಹೋಗ್ತೀನಿ."

ವಾಲ್ಟ್ ಹೇಳಿದ ಹಾಗೇ ಮಾಡೋಣವಾ ಅಂತ ಕೈ ಎತ್ತಿಸಿದರು. ಅರ್ಧಕ್ಕಿಂತ ಜಾಸ್ತಿ ಕೈ ಮೇಲಿತ್ತು. ಕೊನೇಗೆ ಡಯಾನಳದ್ದೂ.

ಆ ಸೀಲು ಹಾಕಿದ ವೋಡ್ಕಾ ಬಾಟ್ಲಿ ವಾಪಸ್ ಕೊಡೋಕೆ ಮರುದಿನ ಹೋದೆ. ಕೇಸು ಬಿದ್ದುಹೋದ ಮೇಲೆ ಮಾಲು ಹಿಂದಿರುಗಿಸಬೇಕು, ಅದೂ ನಿಯಮ. ವಾಲ್ಟ್ ಮೇಣದ ಮೇಲಿನ ಎಂಟಾಣೆ ಗುರುತು ಬೆರಳಲ್ಲಿ ಸವರಿ ನೋಡಿ, "ಇನ್ನೂ ಸ್ವಲ್ಪ ದಿನ ನಿನ್ನ ಕಸ್ಟಡೀಲೇ ಇರಲಿ," ಅಂದ. ಈಗದು ಅಂಗಡಿ ಕಪಾಟಿನ ಮೇಲಿದೆ. ದಿನಾ ಚೀಟಿ ತಗೊಂಡು ಹೋಗೋಕೆ ಬಂದಾಗ ಅದರ ಕಡೆ ಒಂದು ಸಲ ನೋಡ್ತಾನೆ, ಹೋಗ್ತಾನೆ.

ಅಕ್ಟೋಬರ್ ಕೊನೇ ಶುಕ್ರವಾರ ನಾನು ಅಂಗಡೀಲಿ ಕಲೀಮ್ ಇಳಿಸಿದ ಹಾಲಿನ ಕ್ಯಾನು ಎಣಿಸ್ತಿದ್ದೆ. ಡಯಾನ್ ಕಾಗದದ ಕಂತೆ ತಂದು ಕೌಂಟರ್ ಮೇಲಿಟ್ಟಳು. ಕಾವ್ಯಾ ಕೊನೇ ಪುಟ ತಿರುವಿದಳು, ಸಹಿ ಹಾಕಿದಳು, ಪೆನ್ನು ನನ್ನ ಕಡೆ ಚಾಚಿದಳು.

"ಅಪ್ಪ, ಇಲ್ಲೊಬ್ಬರು ಪಂಚರು ಬೇಕು. ಲೀಸಿಗೆ."

ಅಪ್ಪ ಅಂದ್ಲು. ಮೂರು ತಿಂಗಳ ಮೇಲಾಗಿತ್ತು. ಕಾಗದ ಕೈಗೆ ತಗೊಂಡೆ, ಕನ್ನಡಕ ಹಾಕ್ಕೊಂಡೆ, ಒಂದು ಅಕ್ಷರವೂ ಕಾಣಲಿಲ್ಲ. ಎಲ್ಲ ನೀರು ನೀರಾಗಿತ್ತು. ಕಲೀಮ್ ಬಾಗಿಲಲ್ಲಿ ನಿಂತು, "ಪೂರ್ತಿ ಓದಿ ಸಾರ್, ಆಮೇಲ್ ಹಾಕಿ," ಅಂದ.

ಜೀವನದಲ್ಲಿ ಮೊದಲನೇ ಸಲ ಓದದೆ ಸಹಿ ಹಾಕಿದೆ.